ಏಳು ಸಾವಿರ ಅಡಿ ಎತ್ತರದ ಸಂಡಿಗೆ

ಈ ದೇಶದ ಹವಾಮಾನ ತಜ್ಞರು ನಮ್ಮ ವೈನಿಯ ಸಲಹೆಯನ್ನು ಒಮ್ಮೆಯೂ ಕೇಳದಿದ್ದುದು ಅವರ ದುರದೃಷ್ಟವೆಂದೇ ನನ್ನ ಖಚಿತ ಅಭಿಪ್ರಾಯ!

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ತವರು ಧಾರವಾಡ, ವಾಸ ಶಿಕಾಗೋ ಬಳಿಯ ನೇಪರ್‌ವಿಲ್. ಒಂದು ಇಡೀ ಚಳಿಗಾಲ ಅವರು ಟಿವಿಯ ಹವಾಮಾನ ವರದಿಯ ಮುಂದೆ ನೋಟ್‌ಬುಕ್ ಹಿಡಿದು ಕುಳಿತಿದ್ದರು. ಬಿಸಿಲಿಗೆ ಒಂದು ಕಾಲಂ, ಗಾಳಿಗೆ ಒಂದು, ತೇವಾಂಶಕ್ಕೆ ಕೆಂಪು ಶಾಯಿಯ ಇನ್ನೊಂದು. ನಾನು ಮೂವತ್ತು ವರ್ಷ ಸಂಶೋಧನೆಯಲ್ಲಿ ಕಳೆದವನು. ಅಷ್ಟು ಶಿಸ್ತಿನ ಟಿಪ್ಪಣಿಯನ್ನು ನನ್ನ ಸಹೋದ್ಯೋಗಿಗಳಲ್ಲೂ ಕಂಡಿಲ್ಲ. ಉದ್ದೇಶವೇನು? ಸಂಡಿಗೆ ಒಣಗಿಸುವುದು!

ಇದು ನಡೆದ ವರ್ಷದ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಅಣ್ಣ 1999 ಎನ್ನುತ್ತಾನೆ. ಫೋಟೋಗಳ ಮೂಲೆಯಲ್ಲಿರುವ ಕಿತ್ತಳೆ ಬಣ್ಣದ ಅಂಕಿಗಳು 1994 ಎನ್ನುತ್ತವೆ; ಬ್ಯಾಟರಿ ಬದಲಿಸಿದ ಮೇಲೆ ಕ್ಯಾಮೆರಾದ ದಿನಾಂಕವನ್ನು ಯಾರೂ ಸರಿಪಡಿಸಿರಲಿಲ್ಲ. ಲಿಖಿತ ಆಧಾರಗಳು ಎರಡು: 2000ದ ಬೇಸಿಗೆಯಲ್ಲಿ ವೈನಿಗೆ ಬಂದ ಒಂದು ಪತ್ರ, ಮತ್ತು ಅವರ ಮಗಳ 2001ರ ಆಗಸ್ಟಿನ ಲಗ್ನಪತ್ರಿಕೆ. ಸಂಡಿಗೆಗಾಗಿ ನಾವು ಮಾಡಿದ ಪ್ರಯಾಣ ಇವೆರಡರ ನಡುವಿನದು, ಅದೂ ಬೇಸಿಗೆಯದು. ಆದ್ದರಿಂದ 2001ರ ಜೂನ್ ಎಂದು ನಾನು ನಿರ್ಣಯಿಸಿದ್ದೇನೆ. ಅಣ್ಣ ಇನ್ನೂ ಒಪ್ಪಿಲ್ಲ.

ಆ ಪತ್ರ ಅವರ ಬಡಾವಣೆಯ ಮನೆಮಾಲೀಕರ ಸಂಘದ್ದು. ಮಗಳ ಮದುವೆಗೆ ಮುಂಚೆ ಒಂದು ಪ್ರಯೋಗ ಇರಲೆಂದು ವೈನಿ ಹಿತ್ತಿಲ ಡೆಕ್ಕಿನ ಮರದ ಹಲಗೆಗಳ ಮೇಲೆ ಅಕ್ಕಿ ಸಂಡಿಗೆ ಇಟ್ಟಿದ್ದರು. ಇಲಿನಾಯ್ಸಿನ ಜಿಗುಟು ಸೆಕೆಯಲ್ಲಿ ಮೂರನೆಯ ದಿನ ಸಂಡಿಗೆಗೆ ಬೂಷ್ಟು ಹಿಡಿಯಿತು. ನಾಲ್ಕನೆಯ ದಿನ, ನೆರೆಯವರಿಗೆ ಕಾಣುವಂತೆ ಆಹಾರಪದಾರ್ಥ ಹರಡಬಾರದೆಂದು ಪತ್ರ ಬಂತು. ಕೇಟರಿಂಗಿನವರೇ ಸಂಡಿಗೆ ಕೊಡುತ್ತಾರೆ, ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲವೆಂದು ಮಗಳು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು.

"ಮಂದಿಗೆ ತಿಳಿಯೂದಿಲ್ಲ ಖರೆ," ಎಂದರು ವೈನಿ. "ನನಗ ತಿಳೀತದಲಾ?"

ಮಗಳ ಮದುವೆಯ ಪಂಕ್ತಿಯಲ್ಲಿ ಕೊಂಡು ತಂದ ಸಂಡಿಗೆ ಬಡಿಸಲಾರೆನೆಂಬುದು ಅವರ ಹಟ. ಆ ಹಟದ ಫಲವೇ ನೋಟ್‌ಬುಕ್ಕು, ನೋಟ್‌ಬುಕ್ಕಿನ ಫಲ ವೈಯೋಮಿಂಗ್ ರಾಜ್ಯದ ಲಾರಮಿ ಎಂಬ ಊರು. ಸಮುದ್ರಮಟ್ಟದಿಂದ ಏಳು ಸಾವಿರ ಅಡಿಗೂ ಎತ್ತರ, ಸುಡುವ ಬಿಸಿಲು, ಹಗಲೆಲ್ಲ ಗಾಳಿ, ತೇವ ಹೆಸರಿಗೂ ಇಲ್ಲ. ನೇಪರ್‌ವಿಲ್ಲಿನಿಂದ ದೂರ ಕೇವಲ ಒಂದು ಸಾವಿರ ಮೈಲಿ! ಹೋಟೆಲಿಗೆ ಅಂಗಳವಿಲ್ಲವಾದ್ದರಿಂದ ಅಡಿಗೆಮನೆ, ಹಾಸಿಗೆ, ಬಚ್ಚಲುಗಳನ್ನು ಹೊಟ್ಟೆಯೊಳಗಿಟ್ಟುಕೊಂಡ ಬಸ್ಸಿನಂಥ ಆರ್‌ವಿ ಗಾಡಿಯನ್ನೇ ಬಾಡಿಗೆಗೆ ಹಿಡಿದದ್ದಾಯಿತು. ಡೆಟ್ರಾಯಿಟ್ ಬಳಿಯ ಟ್ರಾಯ್‌ನಲ್ಲಿದ್ದ ನನಗೂ ಫೋನು ಬಂತು. ಸಂಡಿಗೆ ಇಡುವ ಹಾಳೆ ಹಾರದಂತೆ ಕಲ್ಲು ಇಡಲು ಒಬ್ಬರು ಬೇಕಾಗಿದ್ದರಂತೆ. ನನ್ನ ವಿದ್ವತ್ತಿಗೆ ಇಷ್ಟು ನಿಖರವಾದ ಉಪಯೋಗವನ್ನು ಬೇರಾರೂ ಕಂಡುಹಿಡಿದಿರಲಿಲ್ಲ.

ಎರಡು ದಿನಗಳ ಹಾದಿ. ಅಣ್ಣ ಗಾಡಿ ಓಡಿಸಿದ. ನೆಬ್ರಾಸ್ಕಾದ ಉದ್ದಕ್ಕೂ ಬಚ್ಚಲಿನಲ್ಲಿ ಎರಡು ಬಕೆಟ್ ಅಕ್ಕಿ ನೆನೆಯುತ್ತಿತ್ತು. ಅಣ್ಣ ಬ್ರೇಕ್ ಹಾಕಿದಾಗಲೆಲ್ಲ ವೈನಿ ಕೇಳುತ್ತಿದ್ದದ್ದು ನಮ್ಮ ಕ್ಷೇಮವನ್ನಲ್ಲ, ಅಕ್ಕಿಯದನ್ನು.

ಕ್ಯಾಂಪ್ ತಾಣ ತಲುಪಿ, ರುಬ್ಬಿದ ಹಿಟ್ಟನ್ನು ಒಲೆಯ ಮೇಲಿಟ್ಟರೆ ಎಷ್ಟು ಹೊತ್ತಾದರೂ ಅದು ಬೇಯಲೊಲ್ಲದು. ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಹೀಗಾಗುತ್ತದೆಂದು ಇಂಜಿನಿಯರ್ ಅಣ್ಣ ಸವಿವರವಾಗಿ ನಿರೂಪಿಸತೊಡಗಿದ.

"ಏನ್ರೀ, ನಿಮ್ಮ ಫ್ಯಾರನ್‌ಹೀಟ್ ಆಮ್ಯಾಲ ಹೇಳ್ರಿ," ಎಂದು ವೈನಿ ಸೌಟನ್ನು ಅವನ ಕೈಗಿತ್ತರು. "ಮೊದಲ ಕೈಯಾಡಸ್ರಿ, ತಳ ಹತ್ತಲಿಕ್ಕತ್ತೇದ."

ಅಂತೂ ಹಿಟ್ಟು ಬೆಂದಿತು. ಪ್ಲಾಸ್ಟಿಕ್ ಹಾಳೆಗಳ ಮೇಲೆ ಸಾಲುಸಾಲಾಗಿ ಸಂಡಿಗೆ ಇಟ್ಟೆವು. ನಾನು ಶಾಸ್ತ್ರೋಕ್ತವಾಗಿ ಕಲ್ಲುಗಳನ್ನಿಟ್ಟೆ. ಆಮೇಲೆ ಗಾಳಿ ಬಂತು. ಶಿಕಾಗೋಗೆ ಗಾಳಿಯ ನಗರವೆಂದು ಹೆಸರಿಟ್ಟ ಮಹನೀಯರು ಲಾರಮಿಗೆ ಕಾಲಿಟ್ಟಿರಲಾರರು! ಕಲ್ಲುಗಳು ಅಲ್ಲೇ ಉಳಿದವು. ಹಾಳೆಗಳು ಹರಿದು, ಸಂಡಿಗೆಸಮೇತ ಮೇಲೆದ್ದು, ಬೇಲಿ ದಾಟಿ ಹುಲ್ಲುಗಾವಲಿನ ಪಾಲಾದವು. ಅರ್ಧ ಮೈಲಿ ಆಚೆ ಜಿಂಕೆಗಳ ಹಿಂಡೊಂದು ಅವನ್ನು ಮೂಸುತ್ತಿದ್ದುದನ್ನು ಅಣ್ಣ ದುರ್ಬೀನಿನಲ್ಲಿ ನೋಡಿ ವರದಿ ಮಾಡಿದ. ಉಪ್ಪು ಸರಿಯಿದೆಯೇ ಎಂದು ನಾನು ಕೇಳಬಾರದಿತ್ತು.

ವೈನಿ ಮಾತ್ರ ಗಾಳಿಯನ್ನು ದೂರಲಿಲ್ಲ. ಮದುವೆಯ ಸಂಡಿಗೆಯನ್ನು ಐದು ಮಂದಿ ಮುತ್ತೈದೆಯರು ಕೈಹಚ್ಚಿ ಶುರುಮಾಡಬೇಕು. ಅವಸರದಲ್ಲಿ ಅದನ್ನು ಮರೆತೆವು, ಅದಕ್ಕೇ ಹೀಗಾಯಿತೆಂದು ತೀರ್ಪಿತ್ತರು. ಏಳು ಸಾವಿರ ಅಡಿಯ ಮೇಲೆ ಮುತ್ತೈದೆಯರನ್ನು ಎಲ್ಲಿಂದ ತರುವುದೆಂದು ಅಣ್ಣ ಕೇಳಿದ. ಉಳಿದ ಅರ್ಧ ಅಕ್ಕಿಯನ್ನು ರುಬ್ಬಲು ಅವನಿಗೇ ಒಪ್ಪಿಸಿ, ಮರುದಿನ ಬೆಳಿಗ್ಗೆ ವೈನಿ ಕುಂಕುಮದ ಭರಣಿ ಹಿಡಿದು ಗಾಡಿಯಿಂದ ಗಾಡಿಗೆ ಹೊರಟೇಬಿಟ್ಟರು!

ಏನು ಹೇಳಿದರೋ ಕಾಣೆ. ಗಂಟೆಯೊಳಗೆ ಮೂವರು ಗಂಡಸರು ತಮ್ಮ ಟ್ರೈಲರುಗಳನ್ನು ಗಾಳಿಗೆ ಅಡ್ಡಲಾಗಿ ಒತ್ತೊತ್ತಾಗಿ ನಿಲ್ಲಿಸಿ ಗೋಡೆ ಕಟ್ಟಿದರು. ಅವರ ಹೆಂಡಂದಿರು ಮೂವರೂ ಹಣೆ ಮುಂದೊಡ್ಡಿ ಕುಂಕುಮ ಹಚ್ಚಿಸಿಕೊಂಡರು. ವೈನಿ ಸೇರಿ ನಾಲ್ವರಾದರು. ಐದನೆಯವರು ನೆಬ್ರಾಸ್ಕಾದ ಒಬ್ಬ ಮುದುಕಿ, ಎಪ್ಪತ್ತು ದಾಟಿದ್ದರೂ ತಮ್ಮ ಗಾಡಿಯನ್ನು ತಾವೇ ಓಡಿಸಿಕೊಂಡು ಬಂದವರು. ಈ ಐವರ ಕಟ್ಟಳೆ ಏನೆಂದು ಆಕೆ ನನ್ನನ್ನು ಕೇಳಿದರು. ನಾನು, ಖಚಿತತೆಯ ಚಟದವನು, ಗಂಡನಿರುವ ಐವರು ಹೆಂಗಸರು ಆರಂಭಿಸುವ ಪದ್ಧತಿಯೆಂದು ವಿವರಿಸಿದೆ.

ಆಕೆ ಚಮಚವನ್ನು ಮೆಲ್ಲಗೆ ಪಾತ್ರೆಯಲ್ಲಿಟ್ಟರು. ಹಾಗಾದರೆ ನನ್ನನ್ನು ಬಿಡಿ, ನನ್ನವರು ತೀರಿಕೊಂಡು ನಾಲ್ಕು ವರ್ಷವಾಯಿತು, ನಿಮ್ಮ ಹುಡುಗಿಗೆ ಕೆಡುಕಾಗುವುದು ಬೇಡ ಎಂದು ನಗುತ್ತಲೇ ಹೇಳಿ ಎರಡು ಹೆಜ್ಜೆ ಹಿಂದೆ ಸರಿದರು. ನಾಲ್ವರೇ ಸಾಕು, ಮುಗಿಸಿಬಿಡು ಎಂದು ಅಣ್ಣ ಕನ್ನಡದಲ್ಲಿ ಪಿಸುಗುಟ್ಟಿದ.

ವೈನಿ ಅವನ ಕಡೆ ತಿರುಗಿದರು. ಮೂವತ್ತು ವರ್ಷಗಳಲ್ಲಿ ನಾನು ಕೇಳದಿದ್ದ ಧ್ವನಿ ಅದು.

"ನನ್ನ ಲಗ್ನದ ಸಂಡಿಗಿ ಹಿಟ್ಟು ಕುದಿಸಿದಾಕಿ ನಮ್ಮವ್ವ. ಅಪ್ಪ ಹೋಗಿ ಆಗ ವರ್ಷ ಆಗಿತ್ತು. ಮೊದಲನೇ ಸಂಡಿಗಿ ಇಡೂಮುಂದ ಅಕಿನ್ನ ಒಳಗ ಕಳಿಸಿ ಕದಾ ಮುಂದ ಮಾಡಿದ್ರು. ಕದದ ಸಂದ್ಯಾಗಿಂದ ನೋಡ್ಕೋತ ನಿಂತಿದ್ಲು. ನಾ ಮದಿಮಗಳು, ಬಾಯಿ ತಗೀಲಿಲ್ಲ."

ಅಷ್ಟು ಹೇಳಿ ವೈನಿ ನಡೆದುಹೋಗಿ, ಆ ಮುದುಕಿಯ ಹಣೆಗೆ ಕುಂಕುಮವಿಟ್ಟು, ಕೈಹಿಡಿದು ಕರೆತಂದು, ಚಮಚವನ್ನು ಮೊದಲು ಅವರಿಗೇ ಕೊಟ್ಟರು. ಆಕೆ ಬಾಗಿ, ಉಸಿರು ಬಿಗಿಹಿಡಿದು ಮೊದಲ ಸಂಡಿಗೆ ಇಟ್ಟರು. ಅದು ತುಸು ಸೊಟ್ಟಗಿತ್ತು. ಉಳಿದವರು ಅದರ ಪಕ್ಕಕ್ಕೆ ಸಾಲು ಹಿಡಿದರು. ಇಳಿಹೊತ್ತಿಗೆ ಅಷ್ಟೂ ಸಂಡಿಗೆ ಗಲಗಲ ಸದ್ದು ಮಾಡುವಂತೆ ಒಣಗಿದ್ದವು.

ಆಗಸ್ಟಿನಲ್ಲಿ, ಶಿಕಾಗೋ ಬಳಿಯ ಲೆಮಾಂಟಿನ ದೇವಸ್ಥಾನದಲ್ಲಿ ನಡೆದ ಮದುವೆಯ ಪಂಕ್ತಿಯಲ್ಲಿ, ಧಾರವಾಡದಿಂದ ಬಂದಿದ್ದ, ವೈನಿಗೆ ಅತ್ತೆಯಾಗಬೇಕಾದ ಹಿರಿಯರೊಬ್ಬರು ಸಂಡಿಗೆ ಮುರಿದು ಬಾಯಿಗಿಟ್ಟುಕೊಂಡು, ಇದು ಮನೆಯದೇ ಎಂದು ತಲೆದೂಗಿದರು. ಆಮೇಲೆ, ಈ ದೇಶದಲ್ಲಿ ಐದು ಮಂದಿ ಮುತ್ತೈದೆಯರು ಸಿಕ್ಕರೇ ಎಂದು ಪರೀಕ್ಷಿಸುವವರಂತೆ ಕೇಳಿದರು.

"ಐದೂ ಮಂದಿ ಮುತ್ತೈದೇರ ಇದ್ರು, ಅತ್ಯಾ," ಎಂದು ವೈನಿ ತಲೆಯೆತ್ತಿ ಹೇಳಿ, ಅವರ ಎಲೆಗೆ ಇನ್ನೆರಡು ಬಡಿಸಿ ಮುಂದೆ ನಡೆದರು.