ಬೆಳಕು ನೋಡಲು ನಿಂತ ಅತ್ತೆ

ನಮ್ಮ ಸೋದರಮಾವ ಗುಡ್ಡಕ್ಕೂ ‘ಗದ್ದ ಸ್ವಲ್ಪ ಎತ್ರಿ’ ಎನ್ನುವ ಆಸಾಮಿ ಎಂದರೆ ನೀವು ನಂಬುವುದಿಲ್ಲ. ಕೊಂಡಜ್ಜಿ ಗುಡ್ಡದ ಮುಂದೆ ಕಿವಿಯಾರೆ ಕೇಳುವವರೆಗೆ ನಾನೂ ನಂಬಿರಲಿಲ್ಲ! ಕೆ.ಬಿ. ಬಡಾವಣೆಯಲ್ಲಿ ಮೂವತ್ತು ವರ್ಷ ಸ್ಟುಡಿಯೋ ಇಟ್ಟು, ಅರ್ಧ ದಾವಣಗೆರೆಯ ಮದುವೆ ಫೋಟೋ ತೆಗೆದವರು. ಬಾಯಿಗೆ ಅಂಟಿದ ಅಭ್ಯಾಸ ಹೋಗುವುದೆಲ್ಲಿಗೆ? ಅಂಗಡಿ ಮುಚ್ಚಿದ ದಿನವೇ ಶಪಥ ಮಾಡಿದರು: ಇನ್ನು ಮನುಷ್ಯರ ಸಹವಾಸ ಸಾಕು, ತೆಗೆದರೆ ಬರೀ ಸೀನರಿ.

ತಲೆ ಸುಡಬೇಕಾದ ಮೇ ತಿಂಗಳಲ್ಲಿ ದಿನಾ ಮಳೆ ಸುರಿದ ಈ ಬೇಸಿಗೆ ಅವರ ಪಾಲಿಗೆ ಹಬ್ಬವೇ ಆಯಿತು. ನಮ್ಮ ಬಡಾವಣೆ ನಿಟ್ಟುವಳ್ಳಿಯವರೆಲ್ಲ ಒಣಹಾಕಿದ ಹಪ್ಪಳ ಬಾಚಿಕೊಂಡು ಒಳಗೆ ಓಡಿದರೆ, ಮಾವ ಕ್ಯಾಮೆರಾ ಎತ್ತಿಕೊಂಡು ಹೊರಗೆ ಓಡುತ್ತಿದ್ದರು. ಕಾರು ಓಡಿಸಲು ನಾನು, ಛತ್ರಿ ಹಿಡಿಯಲು ಅತ್ತೆ. ಛತ್ರಿ ಯಾರಿಗೆ? ಕ್ಯಾಮೆರಾಕ್ಕೆ! ಮಾವ ನೆನೆದು ಸೀನುತ್ತ ನಿಂತಿರುತ್ತಿದ್ದರು.

ಹರಿಹರದ ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುವವರು ಎದ್ದು ಹೋಗಲಿ ಎಂದು ಒಮ್ಮೆ ಎರಡು ತಾಸು ಕಾದರು. ಅವರು ಹೋದರು, ಎಮ್ಮೆ ಬಂತು. ಎಮ್ಮೆ ಇರಬಹುದಂತೆ, ಅದು ಸೀನರಿಯಂತೆ!

ಅತ್ತೆ ತಡೆಯಲಾರದೆ ಕೇಳಿದರು: “ಎಮ್ಮೆಗೆ ಜಾಗ ಐತೆ, ನಂದೊಂದು ಛಲೋ ಫೋಟೋ ತಗದ್ರೆ ಏನಾಗ್ತೈತ್ರಿ?”

ಊರಿನ ಮದುಮಕ್ಕಳ ಫೋಟೋ ಎಲ್ಲ ತೆಗೆದ ಗಂಡ ಹೆಂಡತಿಯದೊಂದನ್ನು ತೆಗೆಯಲಿಲ್ಲ ಎನ್ನುವುದು ಅವರ ಹಳೆಯ ಕೊರಗು. ಸ್ಟುಡಿಯೋದಲ್ಲಿ ಗಿರಾಕಿ ಬರುವ ಮುಂಚೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಬೆಳಕು ಸರಿಯಿದೆಯೇ ಎಂದು ನೋಡಲು ಒಂದು ಕ್ಲಿಕ್ಕು; ಆಮೇಲೆ ಎದ್ದು ಹೋಗಬೇಕು. ಹೊಳೆ ದಂಡೆಯಲ್ಲೂ ಅದೇ ಆಯಿತು. ಮಾವ ಬೆಳಕು ನೋಡಬೇಕೆಂದು ಅತ್ತೆಯನ್ನು ನೀರಿನ ಹತ್ತಿರ ನಿಲ್ಲಿಸಿ, ಕ್ಲಿಕ್ಕಿಸಿ, ಈಚೆ ಕರೆದರು. ಅವತ್ತು ಅತ್ತೆ ಮಿರ್ಚಿ ಮಂಡಕ್ಕಿಯನ್ನೂ ಮುಟ್ಟಲಿಲ್ಲ.

ಮರುದಿನ ಮತ್ತೆ ಹರಿಹರಕ್ಕೆ ಹೊರಟಾಗ ಕ್ಯಾಮೆರಾದ ಕಾರ್ಡು ತುಂಬಿಹೋಗಿತ್ತು. ಜಾಗ ಮಾಡಲು ನಾನು ಒಂದೊಂದೇ ನೋಡಿದೆ. ಒಂದು ಗುಡ್ಡ, ಒಂದು ಅತ್ತೆ. ಒಂದು ಹೊಳೆ, ಮತ್ತೆ ಅತ್ತೆ. ಬೆಳಕು ನೋಡಲು ತೆಗೆದವನ್ನು ಅಳಿಸಿಬಿಡಲೇ ಎಂದೆ. ಮಾವ ಕ್ಯಾಮೆರಾ ಕಿತ್ತುಕೊಂಡರು.

“ಗುಡ್ಡ ಅಳಿಸು. ಅವೇನ್ ಎಲ್ಲಿಗೂ ಹೋಗಂಗಿಲ್ಲ.”

ಸ್ಟುಡಿಯೋದಲ್ಲಿ ತೆಗೆದ ಅತ್ತೆಯ ಫೋಟೋಗಳೂ ಒಂದೂ ಬಿಡದಂತೆ ಅಲಮಾರಿಯಲ್ಲಿವೆಯಂತೆ! ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. “ಮೊದ್ಲೇ ಹೇಳಿದ್ರೆ ತಲೆನಾರ ಬಾಚ್ಕೊಂಡು ನಿಲ್ತಿದ್ದೆ” ಎಂದು ಒಳಗೆ ಹೋಗಿ ಸೀರೆ ಬದಲಿಸಿ ಬಂದರು.

ಅವತ್ತು ಹರಿಹರದಲ್ಲಿ ಛತ್ರಿ ನಾನು ಹಿಡಿದೆ. ಬೆಳಕು ನೋಡುವುದರಲ್ಲೇ ಮಾವನಿಗೆ ಸಂಜೆಯಾಯಿತು. ಸೀನರಿ ತೆಗೆಯುವುದು ಮರೆತೇಹೋಯಿತು.