ಬೆಳ್ಳಿ ಗಾಲಿಗಳ ದರ್ಬಾರು

ಕಾರಿನ ಗಾಲಿಯ ವಿಷಯದಲ್ಲಿ ಇಡೀ ಗಿಂಪಿ ಊರಿಗೆ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲವೆಂದು ನಾನು ಎಲ್ಲರೆದುರು ಎದೆ ತಟ್ಟಿಕೊಳ್ಳುತ್ತಿದ್ದೆ. ಎಲ್ಲರೂ ಅಂದರೆ ನನ್ನ ಹೆಂಡತಿ ನೆರಿಡಾ. ಅವಳು ಎದ್ದು ಹೋದರೆ ನಮ್ಮ ನಾಯಿ! ಹೀಗಿರಲು ನಮ್ಮ ಮುದಿ ಹೋಲ್ಡನ್ ಕಾರಿನ ಟೈರುಗಳು ನನ್ನ ತಲೆಯಷ್ಟೇ ನುಣ್ಣಗಾಗಿ ಹೊಳೆಯತೊಡಗಿದಾಗ, ನಾನು ಅಡುಗೆಮನೆಯ ನಡುವೆ ನಿಂತು ಘೋರ ಪ್ರತಿಜ್ಞೆ ಮಾಡಿಬಿಟ್ಟೆ.

"ಬರೀ ಟೈರಲ್ಲ ಕಣೇ, ಗಾಲಿ ಸಮೇತ ಬದಲಾಯಿಸ್ತೀನಿ! ಬಣ್ಣಾನೂ ನಾನೇ ಹೊಡೀತೀನಿ! ಶನಿವಾರ ಫೈನಲ್‌ಗೆ ನೀವು ಬಂದು ಇಳಿದ್ರೆ ಇಡೀ ಕ್ಲಬ್ಬು ಕಾರನ್ನೇ ನೋಡ್ತಾ ನಿಂತಿರ್ಬೇಕು!"

"ನಮ್ಮ ಆಟ ನೋಡಿದ್ರೆ ಸಾಕು ಮಾರಾಯ," ಅಂದಳು ನೆರಿಡಾ.

ಆಟ ಅಂದರೆ ಬೌಲ್ಸ್. ಒಪ್ಪವಾಗಿ ಕತ್ತರಿಸಿದ ಹುಲ್ಲಿನ ಮೇಲೆ, ದೂರದಲ್ಲಿಟ್ಟ ಪುಟ್ಟ ಬಿಳಿ ಚೆಂಡಿನ ಹತ್ತಿರ ಹೋಗಿ ನಿಲ್ಲುವಂತೆ ಭಾರದ ಚೆಂಡು ಉರುಳಿಸುವುದು. ನೋಡುವವರಿಗೆ ಆಕಳಿಕೆ ಬರುತ್ತದೆ, ಆಡುವವರಿಗೆ ರಕ್ತ ಕುದಿಯುತ್ತದೆ. ನೆರಿಡಾ ಮತ್ತು ಅವಳ ಗೆಳತಿಯರಾದ ಮರ್ಲ್, ಡಲ್ಸಿ, ಬೆವ್ ಸೇರಿ ನಾಲ್ವರ ತಂಡ. ಜನ್ಮದಲ್ಲಿ ಮೊದಲ ಬಾರಿಗೆ ಫೈನಲ್ ತಲುಪಿದ್ದರು. ಮಧ್ಯಾಹ್ನ ಒಂದಕ್ಕೆ ನಾಲ್ವರೂ ಹುಲ್ಲಿನ ಮೇಲೆ ಹಾಜರಿರಬೇಕು. ಇಲ್ಲದಿದ್ದರೆ ಟ್ರೋಫಿ ಎದುರಾಳಿಗಳಿಗೆ ಪುಕ್ಕಟೆ! ನಾಲ್ವರನ್ನೂ ಕರೆದುಕೊಂಡು ಹೋಗುವ ಹೊಣೆ ನನ್ನದು.

ಗುಜರಿ ಅಂಗಡಿಯಲ್ಲಿ ಆ ನಾಲ್ಕು ಗಾಲಿಗಳನ್ನು ಕಂಡದ್ದೇ ತಡ, ನನಗೆ ಪ್ರೇಮಾಂಕುರವಾಯಿತು. ಯಾವುದೋ ದೊಡ್ಡ ಗಾಡಿಯ ಮಾಲು. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಆದರೆ ಗತ್ತೇ ಗತ್ತು!

ಮನೆಗೆ ತಂದಾಗ ನೆರಿಡಾ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಅಗಲ ಜಾಸ್ತಿ ಆಯ್ತು ಅನ್ಸಲ್ವಾ?"

"ಅಗಲ ಇದ್ದಷ್ಟೂ ಹಿಡಿತ! ನಿನಗೆ ಇದೆಲ್ಲ ತಿಳಿಯಲ್ಲ."

"ಹಿಡಿತದ ವಿಷಯ ಕೇಳ್ಲಿಲ್ಲಪ್ಪ. ಕಾರಿಗೆ ಹಿಡಿಸುತ್ತಾ ಅಂತ ಕೇಳ್ದೆ."

"ಹಿಡಿಸದೆ ಏನು? ಬೋಲ್ಟಿನ ತೂತು ಐದಕ್ಕೆ ಐದೂ ತಾಳೆಯಾಗಿದೆ!"

ತೂತು ಎಣಿಸಿದ್ದೆ ನಿಜ. ಅಗಲ ಅಳೆದಿರಲಿಲ್ಲ. ಟೇಪು ಹಿಡಿದು ಅಳೆಯುವುದು ಹೊಸಬರ ಕೆಲಸ. ನಮ್ಮಂಥವರಿಗೆ ಕಣ್ಣಳತೆ ಸಾಲದೇ?

ಮರಳುಕಾಗದದಲ್ಲಿ ಉಜ್ಜಿ ಉಜ್ಜಿ ನನ್ನ ಬೆರಳಿನ ಗುರುತೇ ಅಳಿಸಿಹೋಯಿತು. ಆಮೇಲೆ ಬಣ್ಣ. ಬಗ್ಗಿ ಬಣ್ಣ ಹೊಡೆಯಲು ನನ್ನ ಸೊಂಟದ ಅನುಮತಿ ಇಲ್ಲ. ಆಗ ಹೊಳೆಯಿತು ನೋಡಿ ಮಹಾ ಉಪಾಯ! ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಿರುಗುವ ಕಂಬ ಇದೆಯಲ್ಲ, ಅದರ ನಾಲ್ಕು ತೋಳಿಗೆ ನಾಲ್ಕು ಗಾಲಿ ನೇತುಹಾಕಿದೆ. ನಾನು ಸ್ಪ್ರೇ ಡಬ್ಬಿ ಹಿಡಿದು ರಾಜನಂತೆ ನಿಂತಲ್ಲೇ ನಿಲ್ಲುವುದು, ಗಾಲಿಗಳು ಒಂದೊಂದಾಗಿ ನನ್ನ ಮುಂದೆ ಬಂದು ಬಣ್ಣ ಬಳಿಸಿಕೊಂಡು ಹೋಗುವುದು. ಎಂಥಾ ದರ್ಬಾರು!

ದರ್ಬಾರಿಗೆ ಗಾಳಿಯೂ ಬಂತು. ಕಂಬ ಗಿರ್ರನೆ ತಿರುಗಿತು. ಒಂದು ಗಾಲಿ ನನ್ನ ಬೆನ್ನಿಗೆ ಗುದ್ದಿತು, ಇನ್ನೊಂದು ನನ್ನ ಟೋಪಿ ಕಿತ್ತುಕೊಂಡು ಹೋಯಿತು, ಗಾಬರಿಯಲ್ಲಿ ಡಬ್ಬಿ ನನ್ನ ಕಡೆಗೇ ತಿರುಗಿತು. ಸದ್ದು ಕೇಳಿ ನೆರಿಡಾ ಹೊರಗೆ ಬರುವಷ್ಟರಲ್ಲಿ ಹುಬ್ಬಿನಿಂದ ಗಡ್ಡದವರೆಗೆ ನಾನು ಬೆಳ್ಳಿಯ ವಿಗ್ರಹ.

"ಗಾಲಿಗೂ ಸ್ವಲ್ಪ ಉಳಿಸಿದೀಯಾ, ಇಲ್ಲ ಎಲ್ಲಾ ನೀನೇ ಬಳ್ಕೊಂಡ್ಯಾ?" ಅಂದಳು. ಭಾರಕ್ಕೆ ಕಂಬದ ತೋಳುಗಳು ಜೋತುಬಿದ್ದಿದ್ದವು. ಅವಳ ಆಟದ ಬಿಳಿ ಉಡುಪನ್ನು ಕೊನೆಗೆ ಪಕ್ಕದ ಮನೆಯಲ್ಲಿ ಒಣಗಿಸಬೇಕಾಯಿತು.

ಅಂತೂ ಗಾಲಿ ಒಣಗಿ, ಅಂಗಡಿಯಲ್ಲಿ ಹೊಸ ಟೈರು ತೊಡಿಸಿ, ಶನಿವಾರ ಬೆಳಿಗ್ಗೆ ಕಾರಿಗೆ ಬಿಗಿದೆ. ಆಹಾ! ಮುದುಕನಿಗೆ ಮದುವೆಯ ಬೂಟು!

"ಒಂದು ಸುತ್ತು ಓಡಿಸಿ ನೋಡು," ಅಂದಳು ನೆರಿಡಾ.

"ಛೆ, ಧೂಳಾಗುತ್ತೆ!"

ಹನ್ನೆರಡೂವರೆಗೆ ಬಿಳಿ ಉಡುಪು, ಬಿಳಿ ಟೋಪಿಯ ಗೆಳತಿಯರು ಚೆಂಡಿನ ಚೀಲಗಳನ್ನು ಡಿಕ್ಕಿಗೆ ಹಾಕಿ ಹಿಂದಿನ ಸೀಟಿಗೆ ಏರಿದರು. ಮರ್ಲ್ ನನ್ನ ಹಿಂದೆಯೇ ಕೂತರು. ಮರ್ಲ್ ಎಪ್ಪತ್ತು ದಾಟಿದವರು, ತುಂಬಿದ ಮೈಕಟ್ಟು, ಅದಕ್ಕಿಂತ ತುಂಬಿದ ಬಾಯಿ. ಬೀದಿಯ ಮೊದಲ ಉಬ್ಬು ದಾಟಿದ್ದೇ ತಡ, ಕರ್‌ರ್‌ರ್! ಬಲಗಡೆಯಿಂದ. ಜೊತೆಗೆ ರಬ್ಬರು ಸುಟ್ಟ ವಾಸನೆ.

"ಏನಪ್ಪಾ ಅದು?" ಅಂದರು ಮರ್ಲ್.

ನಾನು ಕನ್ನಡಿಯಲ್ಲಿ ಅವರನ್ನು ನೋಡಿದೆ. ರೋಗ ಪತ್ತೆಯಾಯಿತು! ಆದರೆ ಹೇಳುವುದು ಹೇಗೆ? "ಏನಿಲ್ಲ, ಭಾರದ ಹಂಚಿಕೆಯಲ್ಲಿ ಒಂಚೂರು ಏರುಪೇರು. ನೀವು ಎಡಗಡೆಗೆ ಕೂತ್ರೆ..."

"ಕೇಳಿಸ್ಕೊಂಡ್ಯಾ ಬೆವ್? ನಾನು ದಪ್ಪ ಅಂತಿದಾನೆ!"

"ನಾನೆಲ್ಲಿ ಹಾಗಂದೆ?"

"ನೀನು ಬಾಯಲ್ಲಿ ಅಂದಿಲ್ಲಪ್ಪ, ಕನ್ನಡೀಲಿ ಅಂದೆ!"

ಆದರೂ ಎಡಕ್ಕೆ ಸರಿದು ಕೂತರು. ಕರ್‌ರ್‌ರ್! ಡಿಕ್ಕಿಯಲ್ಲಿದ್ದ ಚೀಲಗಳನ್ನು ಅವರವರ ತೊಡೆಯ ಮೇಲೆ ಹೊರಿಸಿದೆ. ಕರ್‌ರ್‌ರ್! ಟೈರು ಸಿಡಿದರೆ ಫೈನಲ್ ಅಲ್ಲಿಗೇ ಸಮಾಪ್ತಿ. ನೆರಿಡಾ ಗಡಿಯಾರ ನೋಡಿಕೊಳ್ಳುತ್ತಿದ್ದಳು, ತುಟಿ ಬಿಗಿದಿತ್ತು. ಇವಳು ಈ ದಿನಕ್ಕಾಗಿ ಎಷ್ಟು ಕಾದಿದ್ದಾಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಈ ಏರು ಮುಗಿಯೋವರೆಗೆ ಸ್ವಲ್ಪ ನಡೀತೀರಾ?" ಎಂದು ಹಿಂದಿನವರನ್ನು ಬೇಡಿಕೊಂಡೆ. ಮೂವರೂ ಇಳಿದರು. ಹೆದ್ದಾರಿಯ ಅಂಚಿನಲ್ಲಿ ಮೂರು ಬಿಳಿ ಟೋಪಿಗಳು ಮೆರವಣಿಗೆ ಹೊರಟವು. ಹಿಂದಿನಿಂದ ಬಂದ ಗಾಡಿಯವನೊಬ್ಬ ಹಾರನ್ ಬಾರಿಸಿ ಕೈ ಬೀಸಿದ. ಕಾರು ಹೊರಟಿತು.

ಕರ್‌ರ್‌ರ್!

ಈಗ ಉಳಿದವಳು ನೆರಿಡಾ ಒಬ್ಬಳೇ. "ನೀನೂ ಒಂಚೂರು ಇಳಿದ್ರೆ..." ಅಂದೆ. ಗಂಡಸಾಗಿ ಹುಟ್ಟಿದವನು ಆಡಬಾರದ ಮಾತು!

ಅವಳು ಇಳಿದಳು. ಮುಂಭಾಗದಿಂದ ಸುತ್ತಿ ಬಂದು ನನ್ನ ಬಾಗಿಲು ತೆರೆದಳು. "ನೀನು ಇಳಿಯೋ."

"ನಾನಾ? ಯಾಕೆ?"

"ಇಳಿ ಅಂದ್ರೆ ಇಳಿ!"

ಇಳಿದೆ. ಅವಳು ಕೂತು ಕಾರನ್ನು ಸ್ವಲ್ಪ ದೂರ ಓಡಿಸಿದಳು. ಸದ್ದಿಲ್ಲ. ಅಷ್ಟರಲ್ಲಿ ನಡೆದು ಬಂದು ಸೇರಿದ ಬೆವ್ ಹತ್ತಿದರು, ಕಾರು ಮುಂದೆ ಸರಿಯಿತು, ಸದ್ದಿಲ್ಲ. ಡಲ್ಸಿ ಹತ್ತಿದರು, ಸದ್ದಿಲ್ಲ. ಕೊನೆಗೆ ಮರ್ಲ್, ನನ್ನನ್ನೇ ದಿಟ್ಟಿಸುತ್ತ, ಬೇಕೆಂದೇ ಬಲಗಡೆಯ ಸೀಟಿನಲ್ಲಿ ಧೊಪ್ಪನೆ ಕೂತು ಎರಡು ಸಲ ಕುಪ್ಪಳಿಸಿದರು. ಕಾರು ಮೌನವ್ರತ!

"ಉಜ್ಜುತಿರೋದು ಮುಂದಿನ ಬಲಗಾಲಿ ಕಣೋ," ಅಂದಳು ನೆರಿಡಾ ಕಿಟಕಿಯಿಂದ. "ಇಷ್ಟು ವರ್ಷ ಅದರ ನೆತ್ತಿ ಮೇಲೆ ಕೂತು ಸ್ಪ್ರಿಂಗು ಜಜ್ಜಿದೋನು ಯಾರು? ಈಗ ಅದೇ ಜಾಗಕ್ಕೆ ಅಗಲದ ಗಾಲಿ ತುರುಕಿದೀಯ, ನೀನು ಕೂತ್ರೆ ಕಾರು ಅದರ ಮೇಲೇ ಕುಸಿಯುತ್ತೆ. ನಡ್ಕೊಂಡು ಬಾ!"

ಹೋದರು. ನನ್ನ ಬೆಳ್ಳಿ ಗಾಲಿಗಳು ಬಿಸಿಲಿಗೆ ಫಳಫಳ ಹೊಳೆಯುತ್ತ ತಿರುವಿನಲ್ಲಿ ಮರೆಯಾದವು. ಅವು ಓಡುವುದನ್ನು ಮೊದಲ ಸಲ ನಾನು ಹೊರಗಿನಿಂದ ನೋಡಿದ್ದು. ಬಹಳ ಚೆನ್ನಾಗಿದ್ದವು.

ಬೆವರು ಸುರಿಸುತ್ತ, ಏದುಸಿರು ಬಿಡುತ್ತ ಕ್ಲಬ್ಬು ತಲುಪಿದಾಗ ಆಟ ರಂಗೇರಿತ್ತು. ಸಮಯಕ್ಕೆ ಸರಿಯಾಗಿ ಬಂದಿದ್ದರಂತೆ. ಬೇಲಿ ಹಿಡಿದು ನಿಂತೆ. ಕೊನೆಯ ಚೆಂಡು ನೆರಿಡಾಳದು. ಅದು ಉರುಳಿತು, ಬಾಗಿತು, ಹೋಗಿ ನಿಲ್ಲಬೇಕಾದಲ್ಲೇ ನಿಂತಿತು. ಗೆದ್ದರು! ನನಗೆ ನಾಚಿಕೆಯಿಲ್ಲದೆ ಕಣ್ಣು ತುಂಬಿತು.

ಚಹಾದ ಮೇಜಿನ ಬಳಿ, ಟ್ರೋಫಿಯನ್ನು ತಬ್ಬಿಕೊಂಡಿದ್ದ ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತೆ. "ನಂದೇ ತಪ್ಪು ಕಣೇ. ಸೋಮವಾರವೇ ಆ ಗಾಲಿ, ಟೈರು ಎಲ್ಲ ಬದಲಾಯಿಸಿಬಿಡ್ತೀನಿ."

"ಅಯ್ಯೋ, ಗಾಲಿಗೇನಾಗಿದೆ, ಚೆನ್ನಾಗೇ ಇದೆ!" ಅಂದಳು ನೆರಿಡಾ, ಕಾರಿನ ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತ. "ಡ್ರೈವರ್‌ನ ಬದಲಾಯ್ಸಿ ಆಯ್ತಲ್ಲ!"