ಅರ್ಧ ತಲೆಯ ನೋವು

ನನ್ನ ತಲೆಯ ಮೇಲೆ ಕೂದಲು ಹೆಚ್ಚೇನೂ ಇರಲಿಲ್ಲ. ಇದ್ದಷ್ಟನ್ನೇ ಎಣ್ಣೆ ಹಚ್ಚಿ, ಎಡದಿಂದ ಬಲಕ್ಕೆ ಬಾಚಿ, ಮಕ್ಕಳಂತೆ ಸಾಕಿದ್ದೆ. (ಸಾಕಿದ್ದೆ ಎಂದೆ, ಗಮನಿಸಿ.)

ಆ ಭಾನುವಾರ ಬೆಸಗರಹಳ್ಳಿಗೆ ಹೋಗಿ, ಅತ್ತೆ ಮಾಯಮ್ಮನವರ ಮನೆಯ ನೀರಿನ ಸಂಪಿಗಿಳಿದು ಪಾಚಿ ಉಜ್ಜುವ ಮಹತ್ಕಾರ್ಯವನ್ನು ನನ್ನ ಹೆಂಡತಿ ರೂಪ ನನಗೆ ದಯಪಾಲಿಸಿದ್ದಳು. ತಪ್ಪಿಸಿಕೊಳ್ಳಲು ಮೊಬೈಲಿನಲ್ಲಿ ಕಾಯಿಲೆ ಹುಡುಕಿದೆ. ಮೈಗ್ರೇನ್ ಸಿಕ್ಕಿತು. ಎಂಥ ಮರ್ಯಾದಸ್ಥ ಕಾಯಿಲೆ! ಜ್ವರ ಬೇಡ, ಗಾಯ ಬೇಡ. ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿಂಚಬೇಕು, ತಲೆಯ ಒಂದು ಪಕ್ಕ ಸಿಡಿಯಬೇಕು, ಬೆಳಕು, ಸದ್ದು ಆಗಬಾರದು, ಓಕರಿಕೆ ಬರಬೇಕು. ಬಾಯಿಪಾಠ ಮಾಡಿಕೊಂಡೆ.

ಬೆಳಿಗ್ಗೆ ತಲೆಯ ಎಡಭಾಗ ಹಿಡಿದು ಮಲಗಿದೆ. ಕಿಟಕಿ ಮುಚ್ಚಿಸಿದೆ, ಮಿಕ್ಸಿ ನಿಲ್ಲಿಸಿದೆ, ಒಗ್ಗರಣೆ ವಾಸನೆಗೆ ಓಕರಿಸಿದೆ. (ಅದು ಬಸ್ಸಾರಿನ ಒಗ್ಗರಣೆ. ಎಷ್ಟು ಕಷ್ಟವಾಯಿತು ಗೊತ್ತೆ?) ಕಾಫಿ ಕುಡಿದ ಮೇಲೆ ಮರೆತು ಬಲಭಾಗ ಹಿಡಿದುಕೊಂಡೆ.

"ಆಗ್ಲೆ ಆ ಕಡೆ ಇತ್ತಲ್ರೀ?"

ನೋವು ಪಕ್ಕ ಬದಲಾಯಿಸುವುದೂ ಉಂಟೆಂದು ಮೊಬೈಲ್ ತೋರಿಸಿದೆ. ರೂಪ ಅತ್ತುಬಿಟ್ಟಳು. ನಿಜ ಹೇಳಿಬಿಡೋಣ ಎನಿಸಿತು. ಸಂಪು ನೆನಪಾಗಿ ಮುಸುಕೆಳೆದುಕೊಂಡೆ. ಮಧ್ಯಾಹ್ನಕ್ಕೆ ಅತ್ತೆಯೇ ಮಂಡ್ಯದ ನಮ್ಮ ಮನೆಗೆ ಬಂದಿಳಿದರು.

"ಅರ್ಧ ತಲೆನೋವಾ? ಯೋಚ್ನೆ ಬುಡಿ ಅಳಿಮಯ್ಯ. ವಾಸಿಯಾದ್ರೆ ನಿಮ್ ಮುಡಿ ಕೊಡುಸ್ತೀನಿ ಅಂತ ಮುತ್ತತ್ತಿರಾಯಂಗೆ ಅರಕೆ ಕಟ್ಕಂಡಿವ್ನಿ."

ನನ್ನ ಕೈ ತಾನಾಗಿ ಕೂದಲಿಗೆ ಹೋಯಿತು. ವಾಸಿಯಾಯಿತೆಂದರೆ ಬೋಳು, ಸುಳ್ಳೆಂದರೆ ರೂಪಳ ಬಾಯಿ. ವಾಸಿಯಾಗದಿರುವುದೇ ಕ್ಷೇಮವೆಂದು ಮೂರು ದಿನ ಕತ್ತಲಲ್ಲಿ ಗಂಜಿ ಕುಡಿದು ಹೋರಾಡಿದೆ. ನಾಲ್ಕನೇ ದಿನ ಅತ್ತೆ ನಾಟಿಕೋಳಿ ಸಾರು ಮಾಡಿದರು. ಎದ್ದು ಹೋಗಿ ಎರಡು ಮುದ್ದೆ ನುಂಗಿದೆ. ಅತ್ತೆ ಅಲ್ಲೇ ದೇವರಿಗೆ ಕೈಮುಗಿದರು.

ಮುತ್ತತ್ತಿಯಲ್ಲಿ ಮುಡಿ ತೆಗೆಯುವವನು ನನ್ನ ತಲೆಯನ್ನು ಸುತ್ತಲೂ ನೋಡಿ, "ಅರ್ಧ ಆಗ್ಲೆ ಕೊಟ್ಬುಟ್ಟಿದ್ದೀರಲ್ಲ ಸ್ವಾಮಿ," ಎಂದ. ಉಳಿದರ್ಧವೂ ಎರಡೇ ನಿಮಿಷಕ್ಕೆ ಕಾವೇರಿ ಪಾಲಾಯಿತು.

ಬೋಳು ತಲೆಗೆ ಉರಿಬಿಸಿಲು ಬಡಿಸಿಕೊಂಡು ಬಸ್ಸು ಹತ್ತಿದೆ. ಹಲಗೂರು ದಾಟುವಷ್ಟರಲ್ಲಿ ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿಂಚಿತು. ತಲೆಯ ಎಡಭಾಗ ಸಿಡಿಯತೊಡಗಿತು. ಹಾರ್ನ್ ಸದ್ದಿಗೆ ಓಕರಿಕೆ ಬಂತು. ಬಾಯಿಪಾಠ ಮಾಡಿದ ಕ್ರಮದಲ್ಲೇ, ಒಂದೂ ತಪ್ಪದೆ.

"ರೂಪ, ಈಗ ನಿಜವಾಗ್ಲೂ ಬಂತು ಕಣೆ," ಎಂದುಬಿಟ್ಟೆ.

ಅವಳು ನನ್ನನ್ನೇ ದಿಟ್ಟಿಸಿದಳು. "ನಿಜವಾಗ್ಲೂ? ಅಂಗಾರೆ ಅವತ್ತು ಬಂದಿದ್ದೇನು?"

ಆಮೇಲೆ ಮಂಡ್ಯಕ್ಕೆ ಹೋಗಲಿಲ್ಲ, ಮದ್ದೂರಿನಲ್ಲಿ ಇಳಿದು ಬೆಸಗರಹಳ್ಳಿ ಬಸ್ಸು ಹತ್ತಿದೆವು.

ಮೈಗ್ರೇನಿಗೆ ಕತ್ತಲಿರಬೇಕು, ತಂಪಿರಬೇಕು, ಸದ್ದಿರಬಾರದಂತೆ. ರೂಪ ಮೊಬೈಲಿನಲ್ಲಿ ಓದಿ ಹೇಳಿದಳು, ಸಂಪಿನ ಬಾಯಿಯಲ್ಲಿ ಕುಳಿತು, ಬ್ರಷ್ಷನ್ನು ನನ್ನ ಕೈಗೆ ಇಳಿಸುತ್ತಾ.